ಗಂಗಣ್ಣನ ಐದನೆಯ ಎಲೆ

ಎಲೆಗಳು ಐದಿದ್ದವು, ಹೆಸರುಗಳು ನಾಲ್ಕೇ ಬಂದವು.

ನಡುಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಮಹಾಲಕ್ಷ್ಮಮ್ಮ ಇನ್ನೊಮ್ಮೆ ಎಣಿಸಿದಳು. ಎಣಿಸುವುದು ಅವಳ ಚಾಳಿ. ತುಮಕೂರಿನ ಮಾಜಿ ಸೈನಿಕರ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಟೈಪಿಸ್ಟಾಗಿ ಸವೆದವಳಿಗೆ ಪಟ್ಟಿಯ ಸಾಲಿಗೂ ಹೆಸರಿಗೂ ತಾಳೆಯಾಗದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ. ನಿಟ್ಟೂರಿನ ಆ ಹೆಂಚಿನ ಮನೆಯೊಳಗೆ ಸಾಂಬ್ರಾಣಿ ಹೊಗೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಅದರ ನಡುವೆ ಎಂಬತ್ತಮೂರು ವರ್ಷದ ಗಂಗಣ್ಣ ಬಗ್ಗಿಕೊಂಡು ಎಲೆಯಿಂದ ಎಲೆಗೆ ಹೋಗುತ್ತಿದ್ದ. ಪಾದ ಕಾಣಿಸದೆ, ಮುದುಕ ಕೆರೆಯ ಅಂಚಿನ ನೀರಿನಲ್ಲಿ ನಡೆಯುತ್ತಿರುವ ಹಾಗಿತ್ತು.

“ಇದು ಅಪ್ಪಂಗೆ,” ಎಂದ. ಮೊದಲ ಎಲೆಯ ಪಕ್ಕ ಒಂದು ಕಟ್ಟು ಬೀಡಿ.

“ಇದು ಅವ್ವಂಗೆ.” ಎರಡನೆಯದರ ಪಕ್ಕ ಎಲೆ, ಅಡಿಕೆ, ಬೆರಳುದ್ದ ಹೊಗೆಸೊಪ್ಪು.

“ಇದು ಅಣ್ಣಂಗೆ.” ನಶ್ಯದ ಡಬ್ಬಿ. “ಇದು ನನ್ನೋಳ್ಗೆ.” ಹಸಿರು ಬಳೆ, ಮಡಿಕೆ ಬಿಚ್ಚದ ಸೀರೆ. ಈ ಎಲೆಯ ಮುಂದೆ ಅವನು ತುಸು ಹೆಚ್ಚು ಹೊತ್ತು ಕೂತ.

ಐದನೆಯ ಎಲೆಯ ಮುಂದೆ ಬಂದಾಗ ಅವನು ಏನೂ ಹೇಳಲಿಲ್ಲ. ಆ ಎಲೆಯನ್ನು ಉಳಿದವುಗಳಿಂದ ದೂರ, ಹೊಸ್ತಿಲ ಹತ್ತಿರ ಹಾಕಿದ್ದರು. ಅದರಲ್ಲಿ ಒಬ್ಬಟ್ಟಿರಲಿಲ್ಲ, ವಡೆಯಿರಲಿಲ್ಲ. ಬೇಯಿಸಿದ ಹುರುಳಿಕಾಳಿನ ಗುಡ್ಡೆ, ಒಂದು ಹಿಡಿ ಗರಿಕೆ, ಒಂದು ಅಚ್ಚು ಬೆಲ್ಲ. ಪಕ್ಕದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ, ತೆಂಗಿನಕಾಯಿ ಹೋಳಿನಷ್ಟು ದೊಡ್ಡದಾದ ಒಂದು ಗಂಟು.

“ಉಪ್ಪು ಹಾಕಿಲ್ಲ ತಾನೇ?” ಎಂದು ಗಂಗಣ್ಣ ಸೊಸೆಯನ್ನು ಕೇಳಿದ.

“ಇಲ್ಲ ಮಾವ. ನಾನು ಈ ಮನೆಗೆ ಬಂದಾಗ್ಲಿಂದ ಇದಕ್ಕೆ ಉಪ್ಪು ಹಾಕಿದ್ದೀನಾ?” ಎಂದಳು ಪುಟ್ಟಗಂಗಮ್ಮ.

“ಸರಿ, ನಡೀರಿ ಆಚೆ. ಅವ್ರು ಊಟ ಮಾಡ್ಲಿ.”

ಸತ್ತವರು ಉಣ್ಣುವಾಗ ಬದುಕಿರುವವರು ನೋಡುತ್ತ ನಿಲ್ಲಬಾರದು. ಎಲ್ಲರೂ ಆಚೆ ಬಂದ ಮೇಲೆ ಗಂಗಣ್ಣ ಬಾಗಿಲೆಳೆದು ಚಿಲಕ ಹಾಕಿದ. ಪುಟ್ಟಗಂಗಮ್ಮ ಕಾಗೆಗಳಿಗೆ ಅನ್ನವಿಡಲು ಹಿತ್ತಲ ಕಡೆ ಹೋದಳು. ಜಗಲಿಯ ಮೇಲೆ ಉಳಿದವರು ಮೂವರು. ಗಂಗಣ್ಣ, ಮಹಾಲಕ್ಷ್ಮಮ್ಮ, ಮತ್ತು ಆಗಿನಿಂದಲೂ ಕಂಬದ ಮರೆಯಲ್ಲಿ ಸೆರಗು ಹೊದ್ದು ಕೂತಿದ್ದ ಹಜರಾ ಬೀ. ‘ನನ್ನ ಜೊತೆ ಬಂದವರು’ ಎಂದಷ್ಟೇ ಮಹಾಲಕ್ಷ್ಮಮ್ಮ ಅವಳ ಪರಿಚಯ ಹೇಳಿದ್ದಳು. ಮುದುಕನ ಕಣ್ಣಿಗೆ ಪೊರೆ ಬಂದಿತ್ತು. ಅವನು ಹೆಚ್ಚಿಗೆ ಕೇಳಿರಲಿಲ್ಲ.

ಅರವತ್ತೆರಡರ ಈ ಹಜರಾ ಬೀಯ ತಂದೆ ಇಸಾಕ್ ಸಾಬ್ ಯುದ್ಧಭೂಮಿಯಿಂದ ಕುದುರೆ ಸಮೇತ ಓಡಿಹೋದನೆಂದು, ಹತ್ತೊಂಬತ್ತುನೂರ ಹದಿನೆಂಟರಲ್ಲಿ ಸಾಕ್ಷಿ ಹೇಳಿದ್ದವನು ಇದೇ ಗಂಗಣ್ಣ.

ಮಹಾಲಕ್ಷ್ಮಮ್ಮನ ಕೆಲಸ ವಿಚಿತ್ರವಾದದ್ದು. ಜಿಲ್ಲೆಯಿಂದ ಮೊದಲನೇ ಮಹಾಯುದ್ಧಕ್ಕೆ ಹೋಗಿ ಸತ್ತವರ ಹೆಸರಿನಲ್ಲಿ ತುಮಕೂರಿನಲ್ಲೊಂದು ಕಲ್ಲು ನಿಲ್ಲಿಸುವುದೆಂದು ಆಗಿತ್ತು. ಹೆಸರು ಹುಡುಕಬೇಕು, ಆ ಹೆಸರಿಗೆ ಸೇರಿದ ಮನೆಯನ್ನೂ ಹುಡುಕಬೇಕು. ಹತ್ತೊಂಬತ್ತು ಮಂದಿಗೆ ಅವಳು ಮನೆ ಹುಡುಕಿಕೊಟ್ಟಿದ್ದಳು. ಕೆಲವು ಮನೆಗಳಲ್ಲಿ ತಮಗೆ ಅಂಥ ಒಬ್ಬ ತಾತ ಇದ್ದನೆಂಬುದೇ ಮರೆತುಹೋಗಿತ್ತು.

ಬಸ್ಸಿನಲ್ಲಿ ತೂಕಡಿಸಿದರೆ ಆ ಹತ್ತೊಂಬತ್ತು ಜನ ಬಂದು ಅವಳ ಸುತ್ತ ಕೂರುತ್ತಿದ್ದರು. ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಏನೂ ಕೇಳದೆ, ಕಿಟಕಿಯಾಚೆ ಹೊಲಗಳನ್ನು ನೋಡುತ್ತಿದ್ದರು. ಅವಳಿಗೆ ಭಯವಾಗುತ್ತಿರಲಿಲ್ಲ. ನಿಲ್ದಾಣ ಬಂದಾಗ ಅವರನ್ನು ಬಿಟ್ಟು ಇಳಿಯುವುದಕ್ಕೇ ಬೇಜಾರಾಗುತ್ತಿತ್ತು. ಇಪ್ಪತ್ತನೆಯವನಾದ ಇಸಾಕ್ ಸಾಬ್ ಮಾತ್ರ ಒಂದು ದಿನವೂ ಬಂದು ಕೂತಿರಲಿಲ್ಲ.

ಅವನ ಹೆಸರಿನ ಮುಂದೆ ದಂಡಿನ ಹಳೆಯ ಕಾಗದದಲ್ಲಿ ಇದ್ದದ್ದು ಒಂದೇ ಸಾಲು. ‘ಕುದುರೆ ಚಾಕರಿಯ ಸಯೀಸ, ಕುದುರೆ ನಂಬರ್ ೨೧೪ ಸಮೇತ ಫರಾರಿ. ಸಾಕ್ಷಿ: ಲಾಳ ಕಟ್ಟುವ ಗಂಗಣ್ಣ.’

ಓಡಿಹೋದವನ ಹೆಸರು ಕಲ್ಲಿಗೆ ಬರುವುದಿಲ್ಲ. ಆದರೂ ಕಲ್ಲು ಕೆತ್ತುವ ಅಂಜನಮೂರ್ತಿಯನ್ನು ಕಾಡಿಬೇಡಿ ಅವಳು ಕೊನೆಯ ಒಂದು ಸಾಲಿನ ಜಾಗ ಬಿಡಿಸಿದ್ದಳು. “ನಾಳೆ ಬೆಳಿಗ್ಗೆ ತನಕ ನೋಡ್ತೀನಿ ಅಕ್ಕ. ಆಮೇಲೆ ಅಲ್ಲೊಂದು ಬಳ್ಳಿ ಕೆತ್ತಿ ಮುಗಿಸ್ಬಿಡ್ತೀನಿ,” ಎಂದಿದ್ದ ಅವನು.

ಹಜರಾ ಬೀ ಗುಬ್ಬಿಯಿಂದ ಕಚೇರಿಗೆ ಬಂದು ಎದುರಿಗೆ ಕೂತ ದಿನ ಮಹಾಲಕ್ಷ್ಮಮ್ಮನಿಗೆ ಮರೆಯುವಂಥದಲ್ಲ.

“ಅಮ್ಮಾರೆ, ನಮ್ಮಬ್ಬಾ ಸತ್ತೋಗಿದಾರೆ ಅಂತ ಒಂದು ಕಾಗದ ಕೊಡ್ತೀರಾ?”

ಆ ಕಚೇರಿಯ ಮೆಟ್ಟಿಲು ಹತ್ತುವವರು ಸತ್ತವನು ಎಲ್ಲಾದರೂ ಬದುಕಿರಬಹುದೇ ಎಂದು ಕೇಳುತ್ತಾರೆ. ತಂದೆ ಸತ್ತಿರಲಿ ಎಂದು ಕೇಳಿಕೊಂಡು ಬಂದವಳು ಇವಳೊಬ್ಬಳೇ.

“ಊರಲ್ಲಿ ನನ್ನ ಕುದುರೆ ಕಳ್ಳನ ಮಗಳು ಅಂತಾರೆ. ಅದು ಹೋಗ್ಲಿ, ಅಭ್ಯಾಸ ಆಗೋಗಿದೆ. ಷಬೆ ಬರಾತ್ ದಿನ ಎಲ್ರೂ ಸತ್ತೋರ ಹೆಸ್ರಲ್ಲಿ ಫಾತಿಹಾ ಓದಿಸ್ತಾರೆ. ಮಸೀದಿ ಹಜರತ್ತು ಹೆಸ್ರು ಕೇಳ್ತಾ ಬರ್ತಾರೆ. ಅಜ್ಜ, ಅಜ್ಜಿ, ಮಾವ ಅಂತ ಹೇಳ್ತೀನಿ. ಅಬ್ಬಾನ ಹೆಸ್ರು ಬಂದಾಗ ಬಾಯಿ ಮುಚ್ಕೊಂಡು ಕೂತಿರ್ತೀನಿ. ಓಡಿಹೋದೋರು ಅರಬ್ಬಿ ಸೀಮೇಲಿ ಇನ್ನೊಂದು ಮನೆ ಮಾಡ್ಕೊಂಡು ಚೆನ್ನಾಗಿದ್ರೆ? ನಮ್ಮಮ್ಮನ್ನ ಕೇಳಿದ್ರೆ, ಆ ಹೆಸ್ರು ಈ ಮನೇಲಿ ಎತ್ತಬೇಡ ಅಂತಾರೆ. ಎಂಬತ್ತು ವರ್ಷ ಆಯ್ತು ಅವ್ರಿಗೆ, ಹಾಸಿಗೆ ಹಿಡಿದಿದಾರೆ, ಈಗ್ಲೂ ಅದೇ ಮಾತು.”

ತಾಯಿ ಚಾಂದ್ ಬೀಯ ಆ ಮೌನ ಅವಮಾನದಿಂದ ಬಂದದ್ದೆಂದು ಮಹಾಲಕ್ಷ್ಮಮ್ಮ ಲೆಕ್ಕ ಹಾಕಿದ್ದಳು. ಗಂಡನಿಂದ ಕೆಟ್ಟ ಹೆಸರು ಹೊತ್ತ ಹೆಂಗಸು ಇನ್ನೇನು ಮಾಡಿಯಾಳು ಎಂದುಕೊಂಡಿದ್ದಳು. ಆ ಮರುಕದಲ್ಲೇ ‘ನಿಮ್ಮ ತಂದೆ ಯುದ್ಧದಲ್ಲೇ ಸತ್ತರು ಅಂತ ತೋರಿಸಿಕೊಡ್ತೀನಿ’ ಎಂದು ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದಳು. ಎಲ್ಲವನ್ನೂ ಎಣಿಸುವವಳು ಮಾತು ಕೊಡುವಾಗ ಮಾತ್ರ ಹಿಂದೆಮುಂದೆ ಎಣಿಸಿರಲಿಲ್ಲ.

ಗಂಗಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಮುಚ್ಚಿದ ಬಾಗಿಲಿನ ಸಂದಿನಿಂದ ಸಾಂಬ್ರಾಣಿಯ ಎಳೆಯೊಂದು ಬಂದು ಅವನ ಭುಜದ ಮೇಲೆ ಹಾದುಹೋಗುತ್ತಿತ್ತು. ಬೀದಿಯಲ್ಲಿ ಸದ್ದಿಲ್ಲ. ಇಡೀ ಊರು ಮನೆಮನೆಯ ಬಾಗಿಲು ಹಾಕಿಕೊಂಡು, ತನ್ನ ಸತ್ತವರು ಉಂಡು ಏಳಲೆಂದು ಆಚೆ ಕೂತು ಕಾಯುತ್ತಿತ್ತು.

“ಯಜಮಾನ್ರೇ, ಐದನೇ ಎಲೆ ಯಾರಿಗೆ?”

“ಯಾವ ಐದನೇದು?”

“ಹೊಸ್ತಿಲ ಹತ್ರದ್ದು. ಹುರುಳಿ ಇಟ್ರಲ್ಲ.”

“ಅದಾ. ಗತಿಯಿಲ್ದೋರು ಇರ್ತಾರಲ್ಲ ತಾಯಿ, ದಿಕ್ಕಿಲ್ದೆ ಸತ್ತೋರು. ಅವ್ರಿಗೆ.”

“ದಿಕ್ಕಿಲ್ಲದೋರಿಗೆ ಉಪ್ಪೂ ಬೇಡವಾ?”

ಮುದುಕ ಕಣ್ಣು ತೆರೆಯಲಿಲ್ಲ. ಆದರೆ ತೊಡೆಯ ಮೇಲಿದ್ದ ಬೆರಳುಗಳು ಅಲುಗಾಡುವುದನ್ನು ನಿಲ್ಲಿಸಿದವು. ಮಹಾಲಕ್ಷ್ಮಮ್ಮ ಅದನ್ನು ಗಮನಿಸಿದಳು. ಬೆರಳುಗಳನ್ನು ನೋಡುವುದನ್ನು ಟೈಪಿಸ್ಟುಗಳಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ.

“ಹೋದ ಗುರುವಾರ ಕುಣಿಗಲ್ಲಿನ ಕುದುರೆ ಫಾರಮ್ಮಿಗೆ ಹೋಗಿದ್ದೆ,” ಎಂದಳು. “ಬುಡನ್ ಸಾಬ್ ಅಂತ ಇದಾರೆ, ಅವರಪ್ಪನೂ ನಿಮ್ಮ ಕಾಲದ ಸಯೀಸರೇ.”

“ಕುಣಿಗಲ್ಲು,” ಎಂದ ಗಂಗಣ್ಣ. ದನಿ ಎಲ್ಲಿಂದಲೋ ಬಂದಂತಿತ್ತು. “ಬೆಳಗಿನ ಜಾವ ಮಂಜು ಬಿದ್ದಿರೋದು. ಕುದುರೆ ಕಾಣ್ತಿರ್ಲಿಲ್ಲ ತಾಯಿ, ಉಸಿರು ಬಿಡೋದು ಮಾತ್ರ ಕೇಳೋದು. ಎಷ್ಟು ಕುದುರೆ ಅಂತ ಉಸ್ರಲ್ಲೇ ಎಣಿಸ್ತಿದ್ವಿ.”

ತನ್ನ ಹಾಗೆ ಎಣಿಸುವವನೊಬ್ಬ ಸಿಕ್ಕಿದನೆಂದು ಮಹಾಲಕ್ಷ್ಮಮ್ಮನಿಗೆ ಒಳಗೊಳಗೇ ಹಿತವಾಯಿತು. ಕೂಡಲೇ ಅದಕ್ಕಾಗಿ ತನ್ನನ್ನೇ ಗದರಿಕೊಂಡಳು. ಈ ಮನುಷ್ಯನ ಒಂದು ಮಾತಿನಿಂದ ಹಜರಾ ಬೀಯ ಅರವತ್ತು ವರ್ಷ ಹಾಳಾಗಿತ್ತು.

“ಬುಡನ್ ಸಾಬರ ಟ್ರಂಕಿನಲ್ಲಿ ಅವರಪ್ಪ ಬರೆದಿಟ್ಟ ಪುಸ್ತಕ ಇದೆ. ದಂಡಿಗೆ ಹೋದ ಕುದುರೆಗಳದ್ದು. ಇನ್ನೂರ ಹದಿನಾಲ್ಕನೇ ನಂಬರಿನ ಹೆಣ್ಣು ಕುದುರೆ, ಗುಲ್ನಾರ್. ಕಂದು ಬಣ್ಣ, ಹಣೇಲಿ ಬಿಳಿ ಚುಕ್ಕೆ. ಬೆಲ್ಲ ಕಂಡ್ರೆ ನಿಂತಲ್ಲಿ ನಿಲ್ಲೋದಿಲ್ಲ ಅಂತ ಕೂಡ ಬರೆದಿದೆ.”

ಗಂಗಣ್ಣನ ತುಟಿ ಸಣ್ಣಗೆ ಅರಳಿತು. ಆ ನಗು ಅವನಿಗೆ ಗೊತ್ತಿಲ್ಲದೆ ಬಂದದ್ದು.

“ಬುಡನ್ ಸಾಬರು ಇನ್ನೂ ಒಂದು ಹೇಳಿದ್ರು. ದಂಡಿನ ಕುದುರೆಗೆ ನಂಬರನ್ನ ಗೊರಸಿನ ಮೇಲೆ ಸುಟ್ಟು ಹಾಕ್ತಿದ್ರಂತೆ. ಕುದುರೆ ಸತ್ರೆ, ಲಾಳ ಕಟ್ಟೋನು ಆ ಗೊರಸನ್ನ ಕತ್ತರಿಸ್ಕೊಂಡು ಹೋಗಿ ಸಾಹೇಬರಿಗೆ ಒಪ್ಪಿಸಬೇಕು. ಇಲ್ಲದಿದ್ರೆ ಕುದುರೆ ಮಾರ್ಕೊಂಡ ಅಂತ ಆಗ್ತಿತ್ತಂತೆ. ಹೌದಾ?”

“ಹೌದು.”

“ನೀವು ಲಾಳ ಕಟ್ಟೋರು.”

“ಹೌದು ಕಣವ್ವ.”

“ಆ ಕೆಂಪು ಬಟ್ಟೇಲಿ ಗೊರಸಿದೆ. ಅದರ ಮೇಲೆ ಇನ್ನೂರ ಹದಿನಾಲ್ಕು ಅಂತ ನಂಬರಿದೆ. ಓಡಿಹೋದ ಕುದುರೆಗೆ ಯಾರೂ ಎಡೆ ಇಡಲ್ಲ ಯಜಮಾನ್ರೇ. ಅದು ಸತ್ತಿದ್ದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಇಸಾಕ್ ಸಾಬರು ಅದರ ಮೇಲೆ ಕೂತು ಓಡಿಹೋದ್ರು ಅಂತ ಸಾಕ್ಷಿ ಹೇಳಿದ್ರಿ.”

ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಯಾರಿಗೂ ಎದುರು ಮಾತಾಡದ ಹೆಂಗಸು. ಇಷ್ಟು ಉದ್ದದ ಆಪಾದನೆಯನ್ನು ತನ್ನ ಬಾಯಿಂದಲೇ ಕೇಳಿ ಅವಳಿಗೇ ಬೆರಗಾಯಿತು.

ದೂರದಲ್ಲಿ ಅರಸೀಕೆರೆ ಕಡೆಯ ಗೂಡ್ಸ್ ಗಾಡಿ ಹೋಗುವ ಸದ್ದು ಶುರುವಾಯಿತು. ಅದು ಪೂರ್ತಿ ಹೋಗುವವರೆಗೂ ಗಂಗಣ್ಣ ಕಾದ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಚಿಲಕ ತೆಗೆದ.

“ಮಾವ, ಇನ್ನೂ ಹೊತ್ತಾಗಿಲ್ಲ,” ಎಂದು ಪುಟ್ಟಗಂಗಮ್ಮ ಹಿತ್ತಲ ಮೂಲೆಯಿಂದ ಗಾಬರಿಯಲ್ಲಿ ಕೂಗಿದಳು. “ಅವ್ರು ಉಣ್ತಾ ಇರ್ತಾರೆ.”

“ಅವಳು ಬಿರ್ರನೆ ತಿನ್ತಾಳೆ, ಬುಡು,” ಎಂದ ಮುದುಕ.

ಗಂಟನ್ನು ತಂದು ಜಗಲಿಯ ಮೇಲಿಟ್ಟು ಅವನೇ ಬಿಚ್ಚಿದ. ಒಣಗಿ ಕಪ್ಪಾದ ಗೊರಸು, ಎಣ್ಣೆ ಸವರಿ ಸವರಿ ಹಳೆಯ ಮರದ ಸಾಮಾನಿನಂತೆ ಹೊಳೆಯುತ್ತಿತ್ತು. ಮಹಾಲಕ್ಷ್ಮಮ್ಮ ಅದನ್ನು ಬೆಳಕಿಗೆ ತಿರುಗಿಸಿದಳು. ಎರಡು, ಒಂದು, ನಾಲ್ಕು. ನಾಲ್ಕರ ಬಾಲ ಸವೆದಿತ್ತು, ಆದರೂ ಅದು ನಾಲ್ಕೇ.

ಕಂಬದ ಮರೆಯಲ್ಲಿ ಬಳೆಯ ಸದ್ದಾಯಿತು. ಹಜರಾ ಬೀ ಕಂಬವನ್ನು ಹಿಡಿದುಕೊಂಡಿದ್ದಳು.

“ಪ್ಯಾಲೆಸ್ತೀನಲ್ಲಿ,” ಎಂದು ಗಂಗಣ್ಣ ತಾನಾಗಿಯೇ ಶುರುಮಾಡಿದ. “ಗುಲ್ನಾರಿಗೆ ಹೊಟ್ಟೆಶೂಲೆ ಬಂತು. ಮೂರು ದಿನ ಒದ್ದಾಡ್ತು. ಇಸಾಕ ಕಾವಲಿನ ಪಾರಾ ಬಿಟ್ಟು ಅದರ ತಲೇನ ತೊಡೆ ಮೇಲಿಟ್ಕೊಂಡು ಕೂತಿದ್ದ. ಕುಣಿಗಲ್ಲಲ್ಲಿ ಅದು ಹುಟ್ಟಿದಾಗ ಮೈ ಒರೆಸಿದೋನು ಅವನೇ. ನೀರು ಕುಡಿ ಅಂದ್ರೆ ಕುಡೀಲಿಲ್ಲ, ಅದು ಕುಡೀಲಿ ಅಂದ. ಬೆಳಗಾಗೋ ಹೊತ್ಗೆ ಮರಳೆಲ್ಲ ಕೆಂಪಗೆ, ನಮ್ಮ ರಾಗಿ ಕಣದ ಥರ ಇತ್ತು ತಾಯಿ. ಊರಿಗೆ ಬಂದ್ಬಿಟ್ವೇನೋ ಅನ್ಸ್ತು. ಅಷ್ಟರಲ್ಲಿ ಅದು ಕತ್ತು ಚಾಚ್ತು.”

“ಗೊರಸು?”

“ಕುಯ್ದೆ. ಒಪ್ಪಿಸಬೇಕಾಗಿತ್ತು. ಒಪ್ಪಿಸ್ಲಿಲ್ಲ. ಉಳಿದಿದ್ದನ್ನ ಇಬ್ರೂ ಸೇರಿ ಮರಳಲ್ಲಿ ಮುಚ್ಚಿದ್ವಿ.”

“ಅಂದ್ರೆ ಇಸಾಕ್ ಸಾಬರು ಕುದುರೆ ಕದೀಲಿಲ್ಲ.”

“ಸತ್ತ ಕುದುರೇನ ಎಲ್ಲಿಗೆ ಓಡಿಸ್ಕೊಂಡು ಹೋಗ್ತಾನೆ ತಾಯಿ?”

ಹಜರಾ ಬೀ ಬಿಟ್ಟ ಉಸಿರು ಜಗಲಿಯ ಈ ತುದಿಗೂ ಕೇಳಿಸಿತು. ಮಹಾಲಕ್ಷ್ಮಮ್ಮನ ಕಣ್ಣು ಮಂಜಾಯಿತು. ನಾಳೆ ಬೆಳಿಗ್ಗೆ ಅಂಜನಮೂರ್ತಿಯ ಮುಂದೆ ನಿಂತು ಹೇಳುವ ಮಾತು, ಉಳಿಯ ಮೊದಲ ಪೆಟ್ಟು, ಕಲ್ಲಿನಿಂದ ಏಳುವ ಬಿಳಿ ಪುಡಿ, ಎಲ್ಲವೂ ಕಣ್ಣಮುಂದೆ ಬಂದವು. ಇಪ್ಪತ್ತು ಸಾಲು, ಇಪ್ಪತ್ತು ಹೆಸರು. ಬಸ್ಸಿನಲ್ಲಿ ಒಂದು ಜಾಗ ಹಿಡಿದಿಟ್ಟರೆ ಅವನೂ ಬಂದು ಕೂರುತ್ತಾನೆ ಎನಿಸಿತು. ಇನ್ನು ಕೇಳಬೇಕಾಗಿದ್ದದ್ದು ಒಂದೇ ಪ್ರಶ್ನೆ.

“ಇಸಾಕ್ ಸಾಬರು ಸತ್ತಿದ್ದು ಎಲ್ಲಿ?”

ಗಂಗಣ್ಣ ಗೊರಸನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ.

“ಅವರಿಗೆ ಯಾಕೆ ಎಲೆ ಹಾಕಿಲ್ಲ ನೀವು? ಸಾಬರು ಅಂತಲಾ?”

“ಕುದುರೆಗೆ ಇಡೋನು ಮನುಷ್ಯಂಗೆ ಇಡಲ್ವಾ?” ಮುದುಕನ ದನಿಯಲ್ಲಿ ಮೊದಲ ಬಾರಿ ನೋವು ಕಾಣಿಸಿತು. “ಸತ್ತಿದಾನೆ ಅಂತ ಗೊತ್ತಾಗ್ಬೇಕಲ್ಲ ತಾಯಿ. ಗೊತ್ತಿಲ್ದೆ ಎಡೆ ಇಟ್ರೆ ಬದುಕಿರೋನ ಆಯಸ್ಸು ಕಿತ್ಕೊಂಡಂಗೆ. ನಾನು ಅವನನ್ನ ಕೊನೆ ಸಲ ನೋಡ್ದಾಗ ಚೆನ್ನಾಗಿದ್ದ. ಎರಡು ಕಾಲಲ್ಲಿ ನಿಂತಿದ್ದ.”

ಮಹಾಲಕ್ಷ್ಮಮ್ಮನಿಗೆ ಕಂಬದ ಕಡೆ ತಿರುಗಲು ಧೈರ್ಯವಾಗಲಿಲ್ಲ.

“ಹಂಗಾದ್ರೆ ಓಡಿಹೋಗಿದ್ದು ನಿಜ.”

“ಓಡ್ಲಿಲ್ಲ. ನಡ್ಕೊಂಡು ಹೋದ. ಪಾರಾ ಬಿಟ್ಟಿದ್ದಕ್ಕೆ ಅವನಿಗೆ ಶಿಕ್ಷೆ ಕಾದಿತ್ತು. ಎದೆ ಜೇಬಲ್ಲಿ ಒಂದು ಕಾಗದ ಇತ್ತು, ಮಗಳು ಹುಟ್ಟವಳೆ ಅಂತ. ಮೂರು ವರ್ಷದಿಂದ ಅದನ್ನ ಬೇರೆಯೋರ ಕೈಲಿ ಓದಿಸಿ ಓದಿಸಿ ಕಾಗದ ಬಟ್ಟೆ ಆಗೋಗಿತ್ತು. ಗಂಗಣ್ಣ, ಮಗು ಮುಖ ನೋಡಿ ಬಂದು ಬೇಕಾದ್ರೆ ಸಾಯ್ತೀನಿ ಅಂದ. ನಾನು ಹೋಗು ಅಂದೆ.”

“ಮತ್ತೆ ಆ ಸಾಕ್ಷಿ?”

“ಕುದುರೆ ಮೇಲೆ ಹೋದ ಅಂದ್ರೆ ಕುದುರೆ ಹುಡುಕ್ತಾರೆ ಕಣವ್ವ. ದಾರಿ ದಾರೀಲಿ ಸವಾರನ್ನ ನಿಲ್ಲಿಸಿ ನೋಡ್ತಾರೆ. ಬರಿಗಾಲಲ್ಲಿ ನಡ್ಕೊಂಡು ಹೋಗೋ ಬಡವನ್ನ ಯಾರು ನೋಡ್ತಾರೆ? ನಾನು ಅವನನ್ನ ಉಳಿಸೋಕೆ ಅಂತ ಹೇಳ್ದೆ. ಅದು ಇಲ್ಲಿ ಊರಿಗೆ ಕುದುರೆ ಕಳ್ಳ ಅಂತ ಬಂದು ಕೂತ್ಕೊಳ್ತದೆ ಅಂತ ನಂಗೇನು ಗೊತ್ತು.”

ಮಹಾಲಕ್ಷ್ಮಮ್ಮ ಇಷ್ಟು ದಿನ ದ್ವೇಷಿಸಿಕೊಂಡು ಬಂದ ಮನುಷ್ಯ ಎದುರಿಗಿರಲಿಲ್ಲ. ಅವನ ಜಾಗದಲ್ಲಿ ಸ್ನೇಹಿತನಿಗೋಸ್ಕರ ಒಂದು ಸುಳ್ಳು ಹೇಳಿ, ಆ ಸುಳ್ಳಿಗೆ ವರ್ಷ ವರ್ಷ ಹುರುಳಿ ಬೇಯಿಸಿ ಹಾಕಿದ ಒಬ್ಬ ಮುದುಕ ಕೂತಿದ್ದ. ಅವಳಿಗೆ ಸಿಟ್ಟು ಮಾಡಲು ಯಾರೂ ಉಳಿಯಲಿಲ್ಲ.

“ಬಂದ್ರಾ?”

ಕೇಳಿದ್ದು ಅವಳಲ್ಲ. ಹಜರಾ ಬೀ ಕಂಬದ ಮರೆಯಿಂದ ಎದ್ದು ಬಂದು ಮುದುಕನ ಮುಂದೆ ನಿಂತಿದ್ದಳು. ಬಂದಾಗಿನಿಂದ ಅವಳು ಆಡಿದ ಮೊದಲ ಮಾತು ಅದು.

ಗಂಗಣ್ಣ ಪೊರೆಗಣ್ಣನ್ನು ಕಿರಿದು ಮಾಡಿ ದನಿ ಬಂದತ್ತ ನೋಡಿದ. “ನೀನ್ಯಾರವ್ವ?”

“ಆ ಕಾಗದದಲ್ಲಿ ಬರೆದಿದ್ರಲ್ಲ, ಆ ಮಗಳು.”

ಮುದುಕ ಕೈ ಚಾಚಿದ. ಹಜರಾ ಬೀ ಕೈ ಕೊಡಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಕೊನೆಗೆ ಅವನೇ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

“ಬಂದ ಕಣವ್ವ,” ಎಂದ. “ಎರಡು ವರ್ಷ ಹಿಡೀತು. ಹಜ್ ಯಾತ್ರೆ ಹಡಗಲ್ಲಿ ಪಾತ್ರೆ ತೊಳ್ಕೊಂಡು ಬೊಂಬಾಯಿಗೆ ಬಂದು, ಅಲ್ಲಿಂದ ನಡೆದೂ ನಡೆದೂ ಮೊದಲು ನನ್ನ ಹತ್ರ ಬಂದ. ನಾನು ಆಗ ದಂಡಿನಿಂದ ಬಿಡುಗಡೆ ಆಗಿ ಊರಿಗೆ ಬಂದಿದ್ದೆ. ಇದೇ ಜಗಲಿ ಮೇಲೆ ಮುದ್ದೆ ಉಂಡ. ಹೆಂಡ್ತಿ ಬಾಣಂತನಕ್ಕೆ ಗುಬ್ಬಿಗೆ ಹೋದೋಳು ಅಲ್ಲೇ ಅವಳೆ ಅಂತ ಹೇಳ್ದೆ. ಒಬ್ಬನೇ ಹೋಗೋಕೆ ಹೆದರಿದ. ಯಾರಾದ್ರೂ ಗುರುತು ಹಿಡಿದ್ರೆ ಅಂತ. ನಾನೇ ಕರ್ಕೊಂಡು ಹೋದೆ. ದೀಪ ಹಚ್ಚೋ ಹೊತ್ತು. ಮಸೀದಿ ಹಿಂದಿನ ಬೀದಿ, ಬಾಗ್ಲಲ್ಲಿ ನುಗ್ಗೆ ಮರ.”

“ನಮ್ಮನೇನೇ ಅದು,” ಎಂದಳು ಹಜರಾ ಬೀ.

“ನಾನು ಬೀದಿ ಆ ಕಡೆ ನಿಂತಿದ್ದೆ. ಅವನು ಬಾಗ್ಲು ಬಡಿದ. ನಿಮ್ಮವ್ವ ತೆಗೆದ್ರು. ಅವರ ಕೈಲಿ ಬುಡ್ಡಿ ದೀಪ ಇತ್ತು, ಮುಖ ಚೆನ್ನಾಗಿ ಕಾಣ್ತು ನಂಗೆ. ಕೂಗಾಡ್ಲಿಲ್ಲ, ಅಳ್ಲಿಲ್ಲ. ಸ್ವಲ್ಪ ಹೊತ್ತು ನೋಡಿದ್ರು, ಪಕ್ಕಕ್ಕೆ ಸರಿದು ಒಳಗೆ ಬಿಟ್ಕೊಂಡ್ರು. ಬಾಗ್ಲು ಹಾಕಿದ್ರು. ನಾನು ಸಂತೋಷವಾಗಿ ಊರಿಗೆ ಬಂದೆ.”

“ಆಮೇಲೆ?” ಎಂದಳು ಮಹಾಲಕ್ಷ್ಮಮ್ಮ.

“ಎಂಟು ದಿನ ಬಿಟ್ಟು ಹೋದೆ. ಬಾಗ್ಲು ತೆಗೀಲಿಲ್ಲ. ಒಳಗಿಂದ್ಲೇ ಹೇಳಿದ್ರು, ‘ನಮ್ಮನೆಯೋರು ದಂಡಿಗೆ ಹೋದೋರು ಬಂದಿಲ್ಲ, ನೀವ್ಯಾರೋ ಗೊತ್ತಿಲ್ಲ’ ಅಂತ. ಗಂಡನ್ನ ಬಚ್ಚಿಟ್ಟವ್ರೆ, ಜಾಣೆ ಅಂದ್ಕೊಂಡೆ. ಇನ್ನೊಂದು ತಿಂಗಳು ಬಿಟ್ಟು ಹೋದೆ. ಅದೇ ಮಾತು. ಆ ಬೀದಿಯೋರನ್ನ ವಿಚಾರಿಸಿದೆ. ಯಾರೂ ಅವನನ್ನ ನೋಡಿರ್ಲಿಲ್ಲ. ಒಳಗೆ ಹೋಗಿದ್ದನ್ನ ನಾನೊಬ್ಬ ನೋಡಿದ್ದೆ. ಆಚೆ ಬಂದಿದ್ದನ್ನ ಯಾರೂ ನೋಡಿಲ್ಲ. ಫರಾರಿ ಆದೋನ್ನ ಕರ್ಕೊಂಡು ಬಂದೋನು ನಾನು, ಯಾರ ಹತ್ರ ಬಾಯಿ ಬಿಡ್ಲಿ? ಸುಮ್ಮನಾಗ್ಬಿಟ್ಟೆ.”

ಹಿತ್ತಲಲ್ಲಿ ಕಾಗೆಗಳು ಒಂದೊಂದಾಗಿ ಇಳಿಯತೊಡಗಿದ್ದವು. ಪುಟ್ಟಗಂಗಮ್ಮ ಅವುಗಳನ್ನು ಕರೆಯುವ ದನಿ ಬಹಳ ದೂರದಿಂದ ಬರುತ್ತಿರುವಂತೆ ಮಹಾಲಕ್ಷ್ಮಮ್ಮನಿಗೆ ತೋರಿತು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು. ಹಜರಾ ಬೀಯ ಕೈ ಹಿಡಿದು, ನಡೀರಿ ಹೋಗೋಣ, ಈ ಮುದುಕನಿಗೆ ವಯಸ್ಸಾಗಿದೆ, ಏನೇನೋ ಹೇಳ್ತಾನೆ ಎನ್ನಬೇಕೆನಿಸಿತು.

ಹಜರಾ ಬೀ ಜಗಲಿಯ ಅಂಚಿನಲ್ಲಿ ಮೆಲ್ಲಗೆ ಕೂತಳು. ಮುಖದಲ್ಲಿ ಗಾಬರಿಯಿರಲಿಲ್ಲ. ಬಹಳ ಹಿಂದೆ ಎಲ್ಲೋ ಇಟ್ಟು ಮರೆತದ್ದನ್ನು ಹುಡುಕುವವಳ ಮುಖವಿತ್ತು.

“ನಂಗೊಂದು ಕನಸು ಅಮ್ಮಾರೆ,” ಎಂದಳು. “ಚಿಕ್ಕೋಳಿದ್ದಾಗ್ಲಿಂದ. ಯಾರೋ ಗಂಡಸರು ನನ್ನ ಎರಡೂ ಕಂಕುಳಲ್ಲಿ ಕೈ ಹಾಕಿ ದೀಪದ ಹತ್ರ ಎತ್ತಿ ಹಿಡ್ಕೊಂಡಿದಾರೆ. ಮುಖ ನೋಡ್ತಿದಾರೆ. ಕೈ ಒರಟು. ಏನೂ ಮಾತಾಡಲ್ಲ, ನಗ್ತಾರೆ, ಕಣ್ಣಲ್ಲಿ ನೀರು ಬರ್ತಿದೆ. ಅಷ್ಟೇ. ಅಮ್ಮನ್ನ ಕೇಳಿದ್ದೆ, ಯಾರದು ಅಂತ. ಜ್ವರ ಬಂದಾಗ ಬಿದ್ದ ಕನಸು ಅದು, ಮರ್ತುಬಿಡು ಅಂದ್ರು.”

ಗಂಗಣ್ಣ ಅಳುತ್ತಿದ್ದ. ಸದ್ದಿರಲಿಲ್ಲ.

“ನಂಗಾಗ ಐದು ವರ್ಷ ಇರ್ಬೇಕು,” ಎಂದು ಅವಳು ಮುಂದುವರಿಸಿದಳು. “ಆ ವರ್ಷಾನೇ ನಮ್ಮನೆ ಹಿತ್ತಲ ಬಾವಿಗೆ ಅಮ್ಮ ಕಲ್ಲು ಮಣ್ಣು ಹಾಕಿ ಮುಚ್ಚಿಸಿಬಿಟ್ರು. ಒಳ್ಳೆ ಸಿಹಿ ನೀರಿತ್ತು ಅಂತ ಅಜ್ಜಿ ಸಾಯೋವರ್ಗೂ ಬೈತಿದ್ರು. ಅವತ್ತಿಂದ ನಾವು ಬೀದಿ ಕೊನೆಯಿಂದ ನೀರು ಹೊತ್ತಿದ್ದು. ಯಾಕಮ್ಮಾ ಅಂತ ಒಂದ್ಸಲ ಕೇಳ್ದಾಗ ನಂಗೆ ಹೊಡೆದಿದ್ರು. ಅದು ಬಿಟ್ರೆ ಅವ್ರು ನನ್ನ ಮೇಲೆ ಯಾವತ್ತೂ ಕೈ ಮಾಡಿಲ್ಲ.”

ಮಹಾಲಕ್ಷ್ಮಮ್ಮ ಅವಳ ಭುಜ ಮುಟ್ಟಿದಳು. “ಹಜರಾ ಬೀ, ಅವಸರ ಪಡಬೇಡಿ. ಬಾವಿ ಮುಚ್ಚಿಸೋಕೆ ನೂರು ಕಾರಣ ಇರ್ತವೆ. ಮೊದಲು ನಿಮ್ಮ ತಾಯಿನ ಕೇಳೋಣ. ಅಂಜನಮೂರ್ತಿಗೆ ಇನ್ನೆರಡು ದಿನ ಕಾಯಪ್ಪ ಅಂತ ಹೇಳ್ತೀನಿ.”

ಹಜರಾ ಬೀ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಎದ್ದಳು. ಕಣ್ಣುಗಳು ಒಣಗಿದ್ದವು.

“ಕಲ್ಲಿನ ಮೇಲೆ ಹೆಸ್ರು ಬೇಡ ಅಮ್ಮಾರೆ, ಅವ್ರು ಬಳ್ಳಿ ಕೆತ್ಕೊಳ್ಲಿ. ಮುಚ್ಚಿದ ಬಾವಿ ತೆಗೆಸೋಕೆ ಯಾರಿಗೆ ಅರ್ಜಿ ಕೊಡ್ಬೇಕು, ಅದು ಹೇಳಿ. ನಮ್ಮಮ್ಮ ಕಣ್ಣು ಮುಚ್ಚೋದ್ರೊಳಗೆ ಆಗ್ಬೇಕು.”